ದಿಲ್ಲಿಯ ಗೆರೆ

ಕಾದ ಡಾಂಬರಿನ ವಾಸನೆ ಮೂಗಿಗೆ ತಾಗಿದಾಗಲೆಲ್ಲ ಹುಮನಾಬಾದಿನ ಒಂದು ಮಧ್ಯಾಹ್ನ ಇಂದಿಗೂ ನನ್ನೆದುರು ಬಂದು ನಿಲ್ಲುತ್ತದೆ.

ನಮ್ಮ ಓಣಿಯು ರಾಷ್ಟ್ರೀಯ ಹೆದ್ದಾರಿಯನ್ನು ಸೇರುವಲ್ಲಿ, ಬೇವಿನ ಮರದ ನೆರಳಿನಲ್ಲಿ, ಸೋದರತ್ತೆ ಮಿರ್ಚಿ ಭಜಿ ಕರಿದು ಮಾರುತ್ತಿದ್ದಳು. ನಮ್ಮ ಮನೆ ನಡೆಯುತ್ತಿದ್ದುದು ಅದರಿಂದಲೇ. ಅಂದು ರಸ್ತೆಯನ್ನು ಅಗಲ ಮಾಡಿಸಲು ಬಂದ ಓವರ್‌ಸಿಯರ್ ಅವಳ ತಗಡಿನ ಒಲೆಯ ಹಿಂದೆ ಸುಣ್ಣದ ಪುಡಿಯಿಂದ ಗೆರೆ ಎಳೆಸಿದರು. ಅದು ನೆಟ್ಟಗೆ, ಕಣ್ಣು ಕೋರೈಸುವಷ್ಟು ಬೆಳ್ಳಗಿತ್ತು.

"ಅಕ್ಕಾ, ಗೆರಿ ಈಚಿಗಿ ದಿಲ್ಲಿದು, ಆಚಿಗಿ ಬೆಂಗಳೂರಿಂದು. ಒಲಿ ಆಚಿಗಿ ಒಯ್ರಿ."

"ಆಚಿಗಿ ಬಿಸಲದರಿ ಸಾಹೇಬ್ರ. ಬಿಸಲಾಗ ಗಿರಾಕಿ ನಿಂದರತಾರೇನ್ರಿ? ಗಿಡ ಬೆಂಗಳೂರಾಗ ಅದ, ನೆರಳ ದಿಲ್ಲಿಗಿ ಹೋಗ್ಯಾದ."

ದಿಲ್ಲಿಯನ್ನು ನಾನು ಶಾಲೆಯ ಭೂಪಟದಲ್ಲಿ ಮಾತ್ರ ನೋಡಿದ್ದೆ. ಅಷ್ಟು ದೂರದಿಂದ ಅದು ಅತ್ತೆಯ ಒಲೆಯವರೆಗೆ ಕೈ ಚಾಚಿತ್ತು. ಆ ಬೆರಗಿನಲ್ಲಿ, ಗುರುಗಳು ಕಲಿಸಿದ್ದ ಪೌರನೀತಿಯ ಪಾಠವನ್ನು ತಪ್ಪಿಲ್ಲದೆ ಒಪ್ಪಿಸಿಬಿಟ್ಟೆ: "ಕೆಲವು ಅಧಿಕಾರಗಳು ಕೇಂದ್ರದವು, ಕೆಲವು ರಾಜ್ಯದವು, ಇನ್ನು ಕೆಲವು ಇಬ್ಬರಿಗೂ ಸೇರಿದವು."

ಅತ್ತೆ ಸೆರಗಿನಿಂದ ಬೆವರೊರೆಸಿಕೊಂಡು ನಕ್ಕಳು. "ಹುಡುಗಿ ಅಂದದ್ದು ಕೇಳಿದ್ರಿಲ್ಲ? ಇಬ್ಬರದೂ ಇದ್ದ ಜಾಗಾ ತೋರಸ್ರಿ, ಅಲ್ಲೇ ಕುಂದರತೀನಿ."

ಓವರ್‌ಸಿಯರೂ ನಕ್ಕರು. ಅಂಗೈಯಗಲದ ಆ ಗೆರೆಯತ್ತ ಬೆರಳು ತೋರಿಸಿದರು. "ಇಷ್ಟ ನೋಡ್ರಿ ಅಕ್ಕಾ. ಇದರ ಮ್ಯಾಲ ಕುಂದರತೀರೇನು?"

ಅತ್ತೆ ಒಲೆಯ ಬೆಂಕಿ ಆರಿಸಿದಳು. ಒಲೆಯನ್ನೂ ಬಾಣಲೆಯನ್ನೂ ಬಿಸಿಲಿಗೆ ಸಾಗಿಸಿದೆವು. ಕೊನೆಯಲ್ಲಿ ಹಿಟ್ಟಿನ ಪಾತ್ರೆ ಹಿಡಿದು ಬಂದ ಅತ್ತೆ ಗೆರೆಯ ಬಳಿ ಒಂದು ಕ್ಷಣ ನಿಂತಳು. ಸೀರೆಯ ನೆರಿಗೆಯನ್ನು ಮೇಲೆತ್ತಿ ಹಿಡಿದು, ಗೆರೆಯನ್ನು ತುಳಿಯದೆ ದಾಟಿದಳು. ಅವಳ ಹಿಂದೆ ನಾನೂ ಹಾಗೆಯೇ ದಾಟಿದೆ.