ಹೊಸ್ತಿಲಲ್ಲಿ ಸೀಸ

ಯಂತ್ರ ಮತ್ತೆ ಸುಮ್ಮನಿತ್ತು. ಓರ್ಲಾ ಅದರ ಮೂತಿಯನ್ನು ಮಹಡಿಯ ಕೋಣೆಯ ಕಿಟಕಿಗೆ ಒತ್ತಿ ಹಿಡಿದಿದ್ದಳು. ಅವಳ ಹಿಂದೆ ಮೂವರು ಉಸಿರು ಬಿಗಿಹಿಡಿದು ನಿಂತಿದ್ದರು, ಮನೆಯಲ್ಲಿ ವಿಷ ಇರಲಪ್ಪಾ ದೇವರೇ ಎಂದು.

ಐರಿಷ್ ಪಟ್ಟಣ ಲಿಮೆರಿಕ್‌ನ ಈ ಹಳೆಯ ಮನೆಯನ್ನು ಸಂಪತ್ ಮತ್ತು ವಿನೋದಿನಿ ಕೊಂಡು ವರ್ಷವಾಗಿತ್ತು. ಈಚೆಗೆ ವಿನೋದಿನಿಗೆ ಹೊಟ್ಟೆನೋವು, ಸುಸ್ತು. ರಕ್ತ ಪರೀಕ್ಷೆ ಮಾಡಿಸಿದರೆ ಸೀಸ ಸಿಕ್ಕಿತು. "ಹಳೇ ಮನೆಯಾ?" ಎಂದು ಕೇಳಿದ ಡಾಕ್ಟರು ಹೌದೆಂದ ಕೂಡಲೇ ತಲೆಯಾಡಿಸಿದರು. ಹಿಂದಿನ ಕಾಲದ ಬಣ್ಣಕ್ಕೆ, ಹಳದಿಗಂತೂ ಹೊಳಪಿಗೆಂದೇ, ಸೀಸ ಬೆರೆಸುತ್ತಿದ್ದರು, ಅದು ಚಕ್ಕೆಯೆದ್ದು ಧೂಳಾಗಿ ಮೈಸೇರುತ್ತದೆ. ಅಂಥ ಬಣ್ಣ ಕೆರೆಸಿ ತೆಗೆಸಲು ಮನೆ ಮಾಲೀಕರಿಗೆ ಸಹಾಯಧನವೂ ಇತ್ತು. ಷರತ್ತು ಒಂದೇ: ತಪಾಸಣೆಗೆ ಬಂದ ಓರ್ಲಾಳ ಯಂತ್ರ, ಸೀಸ ಇದೆ ಎಂದು ಕೂಗಬೇಕು.

ಕೂಗದಿದ್ದರೆ ಏನೆಂಬುದೂ ತೀರ್ಮಾನವಾಗಿತ್ತು. ವಿನೋದಿನಿಯ ತಾಯಿ ಬಸಲಿಂಗಮ್ಮ ಮಗಳನ್ನು ಮೈಸೂರಿಗೆ ಕರೆದೊಯ್ಯಲು ಟಿಕೆಟ್ ತೆಗೆಸಿಟ್ಟಿದ್ದರು. ಅಳಿಯನಿಗೆ ತೆಗೆಸಿರಲಿಲ್ಲ.

"ಈ ಮನೆ ಸರಿಯಿಲ್ಲ ಅಂತ ಬಂದ ದಿನಾನೇ ಅಂದೆ," ಎಂದರು ಅವರು ಮೆಟ್ಟಿಲಿಳಿಯುತ್ತ. "ಬಾಗ್ಲು ದಕ್ಷಿಣಕ್ಕೈತೆ."

ಚಳಿಗಾಲದ ಕೊನೆಯಲ್ಲಿ ಬಂದಿಳಿದ ಬಸಲಿಂಗಮ್ಮ ಅಂದಿನಿಂದಲೂ ಈ ಮನೆಯ ಜೊತೆ ಯುದ್ಧ ಹೂಡಿದ್ದರು. ದಿನ ಬೆಳಗಾದರೆ ಹೊಸ್ತಿಲು ಪೂಜೆ, ಮಗಳಿಗೆ ತಮ್ಮದೇ ಕೈಯಡುಗೆ. ಶುಕ್ರವಾರ ಮಗಳನ್ನು ಹಜಾರದ ಕಿಟಕಿಯ ಬಳಿ ಕೂರಿಸಿ ದೃಷ್ಟಿ ತೆಗೆದು, ಅರಿಶಿನ ಸುಣ್ಣ ಕಲಸಿದ ಓಕುಳಿ ನೀರನ್ನು ಕಿಟಕಿಯಾಚೆ ಚೆಲ್ಲುವುದು. ಅರ್ಧ ಒಳಗೇ ಬೀಳುತ್ತಿತ್ತು. ಈ ದೇಶದ ಮೇಲೆ ಅವರ ದೂರು ಒಂದೆರಡಲ್ಲ. ಬಿಸಿಲಿಗೆ ಬಿಸಿಯಿಲ್ಲ, ಹುಣಸೆಗೆ ಹುಳಿಯಿಲ್ಲ, ಅರಿಶಿನಕ್ಕೆ ಬಣ್ಣವಿಲ್ಲ, ನೆರೆಯವರಿಗೆ ಕೆಲಸವಿಲ್ಲ. ಮಗಳಿಗೆ ಹೊಟ್ಟೆನೋವು ಎಂದಾಗ ರಾತ್ರಿ ಅರಿಶಿನದ ಹಾಲು ಶುರುವಾಯಿತು, ಸೀಸ ಎಂದಾಗ ಬೆಳಿಗ್ಗೆಯೂ. ಆದರೂ ಎರಡನೆಯ ಪರೀಕ್ಷೆಯಲ್ಲಿ ಸೀಸ ಏರಿತ್ತು. ತಾಯಿಯ ಕರುಳು, ಆ ರಾತ್ರಿ ಅವರು ನಿಜಕ್ಕೂ ಅತ್ತಿದ್ದರು. ಮರುದಿನವೇ ಟಿಕೆಟ್ ಬಂತು.

ಓರ್ಲಾ ಅಡುಗೆಮನೆಯ ಗೋಡೆ ನೋಡಿದಳು. ಯಂತ್ರ ಸುಮ್ಮನಿತ್ತು. ಮುಂಬಾಗಿಲಿಗೆ ಹಿಡಿದಳು. ಸುಮ್ಮನೆ.

ಸಂಪತ್ ಬೆವರುತ್ತಿದ್ದ. ಅವನೊಬ್ಬನಿಗೇ ಗೊತ್ತಿದ್ದ ಸಂಗತಿಯೊಂದಿತ್ತು. ಹಿಂದಿನ ಮಾಲೀಕರು ಹಳೆಯ ಬಣ್ಣವನ್ನೆಲ್ಲ ಕೆರೆಸಿ ಹೊಸದು ಹೊಡೆಸಿಯೇ ಮನೆ ಮಾರಿದ್ದರೆಂದು ಪಕ್ಕದ ಮನೆಯ ಮುದುಕ ಬೇಲಿಯಾಚೆಯಿಂದ ಹೇಳಿದ್ದ. ಸಂಪತ್ ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಹೆಂಡತಿ ಇಷ್ಟು ಹೊತ್ತಿಗೆ ವಿಮಾನದಲ್ಲಿರುತ್ತಿದ್ದಳು.

ಓರ್ಲಾ ಮಂಡಿಯೂರಿ ಯಂತ್ರವನ್ನು ಹೊಸ್ತಿಲಿಗೆ ಒತ್ತಿದಳು.

ಕೀಂ!

"ಸಿಕ್ತು!" ಎಂದು ಬಸಲಿಂಗಮ್ಮ ಚಪ್ಪಾಳೆ ತಟ್ಟಿದರು. ಯಂತ್ರ ಹಜಾರದ ಕಿಟಕಿಯ ದಂಡೆಯ ಮೇಲೂ ಕೂಗಿತು. ಮೂವರೂ ಕ್ರಿಕೆಟ್ ಗೆದ್ದವರಂತೆ ಕುಣಿದರು. ತಮ್ಮ ಮನೆಯಲ್ಲಿ ವಿಷವಿದೆ ಎಂದು ಇಷ್ಟು ಖುಷಿಪಟ್ಟವರನ್ನು ಓರ್ಲಾ ಕಂಡಿರಲಿಲ್ಲ.

ಅವಳು ಮಾತ್ರ ಹುಬ್ಬು ಗಂಟಿಕ್ಕಿದಳು. "ಇದು ವಿಚಿತ್ರ. ಬಾಗಿಲಲ್ಲಿಲ್ಲ, ಹೊಸ್ತಿಲಲ್ಲಿದೆ. ಕಿಟಕಿಯಲ್ಲಿಲ್ಲ, ದಂಡೆಯಲ್ಲಿದೆ. ಯಾರೋ ಬೇಕೆಂದೇ ಹಚ್ಚಿದ ಹಾಗಿದೆ."

ವಿನೋದಿನಿ ಗಂಡನ ಕಡೆ ತಿರುಗಿದಳು. ಸಹಾಯಧನಕ್ಕಾಗಿ ಮೋಸ ಮಾಡಿದರೆ ಜೈಲು ಎಂದು ಅವಳು ಎಲ್ಲೋ ಓದಿದ್ದಳು.

"ಬೆಳಿಗ್ಗೆ ಹೊಸ್ತಿಲ ಹತ್ರ ಕೂತು ಏನ್ ಮಾಡ್ತಿದ್ದೆ ನೀನು?"

"ಉಜ್ತಿದ್ದೆ ಕಣೇ! ಇನ್ಸ್‌ಪೆಕ್ಷನ್ ಇದೆ, ಕ್ಲೀನಾಗಿರ್ಲಿ ಅಂತ ಸೋಪ್ ಹಾಕಿ ಉಜ್ದೆ. ಅಷ್ಟೇ."

"ಅಯ್ಯೋ, ಸುಮ್ನಿರೇ," ಎಂದು ಬಸಲಿಂಗಮ್ಮ ಮೊದಲ ಬಾರಿಗೆ ಅಳಿಯನ ಪಕ್ಷ ವಹಿಸಿದರು. "ನಮ್ಮನೇಲಿ ನಿಂಗೆ ವಿಷ ಹಾಕೋರು ಯಾರವ್ರೆ?"

ಓರ್ಲಾ ಮೂವರ ಮುಖವನ್ನೂ ನೋಡಿದಳು. ಕಳ್ಳರ ಮುಖಗಳಲ್ಲ. ಭುಜ ಕುಣಿಸಿ ನಕ್ಕಳು. "ಸೀಸವಂತೂ ಇದೆ. ನನ್ನ ಕಡೆಯಿಂದ ಗ್ರ್ಯಾಂಡ್, ಸಹಾಯಧನಕ್ಕೆ ಅಡ್ಡಿಯಿಲ್ಲ."

ಸಂಪತ್‌ಗೆ ಹೋದ ಜೀವ ಬಂದಂತಾಯಿತು. ಬಸಲಿಂಗಮ್ಮ ಕಣ್ಣೊರೆಸಿಕೊಂಡು, "ಟಿಕೆಟ್ ಕ್ಯಾನ್ಸಲ್ ಮಾಡಪ್ಪಾ," ಎಂದರು. ಹೊರಟಿದ್ದ ಓರ್ಲಾಳನ್ನು ತಡೆದು ನಿಲ್ಲಿಸಿದರು. ಮನೆಗೆ ಬಂದ ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸುವುದುಂಟೇ? ದೇವರ ಮುಂದಿದ್ದ ಅರಿಶಿನ ಕುಂಕುಮದ ಬಟ್ಟಲುಗಳನ್ನು ತಂದು ಅವಳ ಮುಂದೆ ಹಿಡಿದರು.

"ಇದು ನಮ್ಮ ಪದ್ಧತಿ," ಎಂದು ವಿನೋದಿನಿ ವಿವರಿಸಿದಳು. "ಸ್ವಲ್ಪ ಹಚ್ಕೊಬೇಕು. ನಮ್ಮಮ್ಮ ದಿನಾ ಹೊಸ್ತಿಲಿಗೂ ಹಚ್ತಾರೆ."

ಓರ್ಲಾಳ ಕೈ ಅರ್ಧದಲ್ಲೇ ನಿಂತಿತು.

"ನೋಡು, ಹೆಂಗೆ ಹೊಳೀತೈತೆ," ಎಂದರು ಬಸಲಿಂಗಮ್ಮ ಹೆಮ್ಮೆಯಿಂದ. "ಇಲ್ಲಿ ಅಂಗ್ಡೀದಲ್ಲ. ನಾನೇ ಊರಿಂದ ಹೊತ್ತು ತಂದಿದ್ದು."

ಓರ್ಲಾ ಮೆಲ್ಲಗೆ ಬಗ್ಗಿ ಹೊಸ್ತಿಲ ಸೀಳಿನಲ್ಲಿ ಉಳಿದಿದ್ದ ಹಳದಿಯನ್ನು ನೋಡಿದಳು. ಆಮೇಲೆ ಬಟ್ಟಲನ್ನು ನೋಡಿದಳು. ಯಂತ್ರದ ಮೂತಿಯನ್ನು ಅರಿಶಿನಕ್ಕೆ ತಾಗಿಸಿದಳು.

ಇಡೀ ಮನೆಯಲ್ಲಿ ಎಲ್ಲೂ ಕೂಗದಷ್ಟು ಜೋರಾಗಿ ಅದು ಕೂಗಿಕೊಂಡಿತು.

"ಅಮ್ಮಾ," ಎಂದಳು ವಿನೋದಿನಿ, "ಹಾಲಿಗೆ ಹಾಕೋ ಅರಿಶಿನಾನೂ ಇದೇನಾ?"