ಮುಳ್ಳಿನ ಶೂ

ಚಿದಂಬರ ಗಾಲ್ಫ್ ಕೋಲು ಬೀಸಿದ. ಕಾಲು ಜಾರಿತು, ಚೆಂಡು ಕದಲಲಿಲ್ಲ.

"ಆಫೀಸ್ ಶೂ ಹಾಕ್ಕೊಂಡು ಬಂದ್ರೆ ಜಾರದೆ ಇನ್ನೇನು ಸಾರ್? ಅಡಿಯಲ್ಲಿ ಮುಳ್ಳಿರೋ ಶೂ ಬೇಕು," ಎಂದ ಕೋಚ್.

"ಇನ್ನೇನು ನಮ್ಮ ಎಂ.ಡಿ. ಬಂದ್ಬಿಡ್ತಾರೆ! ಇವತ್ತೂ ಜಾರಿದ್ರೆ ನನ್ನ ಬಡ್ತಿಗೆ ಎಳ್ಳುನೀರೇ!"

ದಿಕ್ಕೆಟ್ಟವನು ಮೈದಾನದಂಚಿನ ಗಣಪನ ಗುಡಿಗೆ ಓಡಿದ. ಆಟಕ್ಕೆ ಮೊದಲು ಎಲ್ಲರೂ ಅಲ್ಲಿ ಕೈಮುಗಿಯುವ ವಾಡಿಕೆ. ಮೆಟ್ಟಿಲ ಬಳಿ ಯಾರೋ ಬಿಟ್ಟಿದ್ದ ಮುಳ್ಳಿನ ಶೂಗಳನ್ನು ದೇವರ ಮೇಲೆ ಭಾರ ಹಾಕಿ ಮೆಟ್ಟಿಕೊಂಡು ಬಂದು ಬೀಸಿದ. ಕಾಲು ನೆಲ ಕಚ್ಚಿ ನಿಂತಿತು. ಚೆಂಡು ಹದ್ದಿನಂತೆ ಹಾರಿತು.

ಅಷ್ಟರಲ್ಲಿ ಎಂ.ಡಿ. ಫೋನ್ ಬಂತು.

"ಗುಡಿ ಮುಂದೆ ಬಿಟ್ಟಿದ್ದ ನನ್ನ ಶೂನ ಯಾವನೋ ಹೊತ್ಕೊಂಡು ಹೋಗಿದ್ದಾನೆ ಕಣ್ರೀ. ಇರ್ಲಿ, ಬರಿಗಾಲಲ್ಲೇ ಬರ್ತಾ ಇದ್ದೀನಿ, ನಿಮ್ಮ ಹೊಡೆತ ನೋಡೋಕೆ."