ಕೇಜಿ ಲೆಕ್ಕದ ಮದ್ದು

ಬ್ಯಾಗಿನಲ್ಲಿದ್ದ ಶೀಸೆಯ ಮುಚ್ಚಳ ಸಡಿಲವಾಗಿತ್ತು. ಒಳಗಿನ ಹಸಿರು ಪುಡಿ ರಾತ್ರಿಗಿಂತ ಒಂದು ಬೆರಳಷ್ಟು ಇಳಿದಿತ್ತು. ಶ್ವೇತ ಶೀಸೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಕಾಲೇಜಿನ ಲ್ಯಾಬಿನಲ್ಲಿ ಎಂಟು ತಿಂಗಳು ಹೆಣಗಿ ಮಾಡಿದ, ವನಾಡಿಯಂ ಎಂಬ ಲೋಹದ ಸಂಯುಕ್ತ ಅದು. ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ನಿನ ಕೆಲಸವನ್ನು ಅಷ್ಟೋ ಇಷ್ಟೋ ಅದೂ ಮಾಡುತ್ತಿತ್ತು. ಅದರ ರಚನೆ ಹೇಗಿದೆಯೆಂದು ಎಕ್ಸ್‌ರೇಯಲ್ಲಿ ನೋಡಿಸಲು ನೆನ್ನೆ ಊರಿಗೆ ಬಂದಿದ್ದವಳು ಇವತ್ತು ಅಕ್ಕಿಹೆಬ್ಬಾಳಿನಿಂದಲೇ ಮೈಸೂರಿನ ರೈಲು ಹತ್ತುವವಳಿದ್ದಳು.

ಜಗಲಿಯ ಮೇಲೆ ಕೂತಿದ್ದ ಅಪ್ಪ ರಂಗಸ್ವಾಮಿ ಸಕ್ಕರೆ ನೋಡುವ ಮಿಷನ್ನನ್ನು ಅವಳ ಮುಂದೆ ಹಿಡಿದ.

“ನೆನ್ನೆ ಮುನ್ನೂರಿತ್ತು ಕಣವ್ವ. ಈಗ ಇನ್ನೂರ ಹತ್ತು.”

“ಅಪ್ಪ, ಆ ಪುಡಿ ತಿಂದ್ಯಾ?”

“ಆಲು ಕರ್ದು ಬಂದೋನೆ ಮಜ್ಜಿಗೇಲಿ ಕಲಸ್ಕಂಡು ಕುಡ್ದೆ. ಕೇಜಿಗೆ ಇಷ್ಟು ಅಂತ ನಿನ್ ಬುಕ್ಕಲ್ಲೇ ಬರ್ದಿದ್ಯಲ್ಲ, ಅಷ್ಟು ಓದಕ್ ಬತ್ತದೆ ನಂಗೆ. ಅಸುಗೆ ಜಂತುವುಳದ ಔಸ್ದಿ ಕೊಡದೂ ಅಂಗೇ ತಾನೆ? ಬೂಸಾ ತೂಗೋ ತಕ್ಡಿ ಮೇಲೆ ನಿಂತ್ಕಂಡೆ, ಎಪ್ಪತ್ತೆರಡು ಬಂತು. ಮಿಕ್ಕಿದ್ದು ಕೈ ಅಳತೆ.”

ಊರ ಹಸುಗಳಿಗೆಲ್ಲ ಡಾಕ್ಟರು ಸೂಜಿ ಚುಚ್ಚುವಾಗ ಹಗ್ಗ ಹಿಡಿಯುವ ಧೀರ ಇವನೇ. ತನ್ನ ಹೊಟ್ಟೆಗೆ ಇನ್ಸುಲಿನ್ ಸೂಜಿ ಅಂದರೆ ಮಾತ್ರ ಜೀವ ಬಾಯಿಗೆ ಬರುತ್ತಿತ್ತು. ಮಗಳ ಓದು ಕೊನೆಗೂ ಮನೆಗೇ ಒದಗಿತಲ್ಲ ಎಂದು ಅವನ ಮುಖ ಅರಳಿತ್ತು.

ಶ್ವೇತ ಬರಿಗಾಲಲ್ಲೇ ಓಡಿಹೋಗಿ ಪಕ್ಕದ ಮನೆಯ ನಿಂಗರಾಜುವಿನ ಆಟೋ ಹೊರಡಿಸಿದಳು. ಶೀಸೆಯನ್ನೂ ನೋಟ್ ಬುಕ್ಕನ್ನೂ ಮಡಿಲಿಗೆ ಹಾಕಿಕೊಂಡಳು.

“ಡೈರಿಗೆ ಆಲು ಆಕ್ಬೇಕು ಕಣ್ಲಾ ನಿಂಗ,” ಎನ್ನುತ್ತಲೇ ಅಪ್ಪ ಹತ್ತಿದ. “ಇಳ್ದದಲ್ಲ, ಇನ್ಯಾಕವ್ವ ಇಂಗೆ ಒದ್ದಾಡ್ತೀಯ?”

ಅವಳು ಶೀಸೆಯ ಮುಚ್ಚಳ ಬಿಗಿಮಾಡಿದಳು. ಹೋದ ತಿಂಗಳು ಫೋನಿನಲ್ಲಿ, ‘ಆರು ಇಲಿಗೂ ಸಕ್ಕರೆ ಇಳೀತಪ್ಪ’ ಎಂದು ತಾನೇ ಕುಣಿದಿದ್ದಳು. ಅಪ್ಪ ಅದನ್ನು ಡೈರಿಯ ಸಾಲಿನಲ್ಲಿ ನಿಂತವರಿಗೆಲ್ಲ ಹಂಚಿದ್ದ. ಆಮೇಲಿನ ಎರಡು ವಾರದಲ್ಲಿ ಆ ಇಲಿಗಳಿಗೆ ಏನಾಯಿತೆಂದು ಅವಳು ಹೇಳಿರಲಿಲ್ಲ. ಅವನ ಖುಷಿಗೆ ಯಾಕೆ ಕಲ್ಲು ಹಾಕಬೇಕು ಅನ್ನಿಸಿತ್ತು.

ಕೆ.ಆರ್.ಪೇಟೆಯ ಆಸ್ಪತ್ರೆ ಇನ್ನೂ ದೂರವಿತ್ತು. ಅಪ್ಪ ಹೊಟ್ಟೆ ಹಿಡಿದುಕೊಂಡು ಸ್ವಲ್ಪ ಬಗ್ಗಿದ. ಹಣೆಯ ಮೇಲೆ ಬೆವರು ಮೂಡಿತ್ತು.

“ಅಲ್ಲ ಕಣವ್ವ,” ಎಂದ ಮೆಲ್ಲಗೆ, “ಆರಕ್ಕೂ ಇಳೀತು ಅಂದಿದ್ಯಲ್ಲ. ಆ ಇಲಿಗಳು ಈಗ ಎಂಗವೆ?”

ಶ್ವೇತ ಮುಂದಕ್ಕೆ ಬಾಗಿ ನಿಂಗರಾಜುವಿನ ಭುಜ ಅಲುಗಿಸಿದಳು.

“ಅಣ್ಣ, ಇನ್ನೂ ಜೋರಾಗಿ ಓಡ್ಸು.”